ನಲವತ್ತೊಂದು ಒಲೆಗಳ ಗ್ಲಿಕೇರಿಯಾ

ಗ್ಲಿಕೇರಿಯಾ ಅನ್ನುವ ಹೆಸರು ಅನಿಸಿಯಾಳ ಕಿವಿಗೆ ಮೊದಲು ಬಿದ್ದದ್ದು ಬಾವಿಕಟ್ಟೆಯಲ್ಲಿ. ಅವಳು ನಿಸ್ತ್ರು ಹೊಳೆಯ ದಡದ ಆ ಊರಿಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹೊಸ ಸೊಸೆ ಅಂದಮೇಲೆ ಬಾವಿಕಟ್ಟೆಯಲ್ಲಿ ಬಕೆಟ್ಟು ತುಂಬಿಸಿಕೊಳ್ಳಬೇಕು, ಕಿವಿ ಬಿಚ್ಚಿರಬೇಕು, ಬಾಯಿ ಮುಚ್ಚಿರಬೇಕು. ಪಕ್ಕದ ಮನೆಯ ಜೆನೋವಿಯಾ ಓಡೋಡಿ ಬಂದವಳೇ ಖಾಲಿ ಬಕೆಟ್ಟುಗಳನ್ನು ಧೊಪ್ಪನೆ ಕೆಳಗಿಟ್ಟು, ಮೇಷ್ಟ್ರ ಮನೆಯ ಮಾಡಿನ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ, ಅದೂ ಗಂಡಸರ ಪ್ಯಾಂಟು ತೊಟ್ಟುಕೊಂಡು ಅಂದಳು. ಮೇಷ್ಟ್ರ ಹೆಂಡತಿಗೆ ತಲೆ ಕೆಟ್ಟಿರಬೇಕು ಅಂತ ಒಬ್ಬಳು. ಅಲ್ಲ ಕಣೇ, ಹೊಳೆಯಾಚೆಯಿಂದ ಬಂದವಳಂತೆ, ಒಲೆ ಕಟ್ಟುತ್ತಾಳಂತೆ, ಗ್ಲಿಕೇರಿಯಾ ಅಂತೆ ಹೆಸರು, ನಮ್ಮ ದ್ರಾಕ್ಷಿ ತೋಟದ ಕಾವಲುಗಾರ ಸಿಮಿಯೋನನ ಹೆಂಡತಿಯಂತೆ ಅಂತ ಜೆನೋವಿಯಾ.

"ಸಿಮಿಯೋನ ಏಣಿ ಕಂಡ್ರೆ ಕಣ್ಣು ಮುಚ್ಕೊಳ್ಳೋ ಗಂಡಸು. ಅದಕ್ಕೇ ಹೆಂಡತೀನ ಹತ್ತಿಸಿದಾನೆ," ಅಂದಳು ಇನ್ನೊಬ್ಬಳು. ಬಾವಿಕಟ್ಟೆಯೆಲ್ಲ ನಕ್ಕಿತು. ಅನಿಸಿಯಾ ಮಾತ್ರ ನಗಲಿಲ್ಲ. ಬಕೆಟ್ಟು ಅಲ್ಲೇ ಬಿಟ್ಟು ನೋಡಲು ಹೋದಳು.

ಹೆಂಗಸು ಮಾಡಿನ ನೆತ್ತಿಯಲ್ಲಿ ಕಾಲು ಅಗಲಿಸಿ ಕೂತಿದ್ದಳು, ಕುದುರೆ ಏರಿದ ಹಾಗೆ. ಮುಖವೆಲ್ಲ ಹೊಗೆಗಂಡಿಯ ಮಸಿ ಮೆತ್ತಿ ಕಣ್ಣು, ಹಲ್ಲು ಎರಡೇ ಬಿಳಿ. ಉದ್ದ ಹಗ್ಗದ ತುದಿಗೆ ಕಲ್ಲು, ಕಲ್ಲಿನ ಮೇಲೆ ಒರಟು ಪೊರಕೆ ಕಟ್ಟಿಕೊಂಡು ಹೊಗೆಗಂಡಿಯೊಳಗೆ ಇಳಿಬಿಡುತ್ತಿದ್ದಳು, ಎಳೆಯುತ್ತಿದ್ದಳು, ಮತ್ತೆ ಬಿಡುತ್ತಿದ್ದಳು. ಮೇಷ್ಟ್ರ ಹೆಂಡತಿ ಕೆಳಗೆ ಏಣಿ ಹಿಡಿದು ನಿಂತು, ಜಾರೀಯೆ ತಾಯಿ ಅಂತ ಗೋಳಾಡುತ್ತಿದ್ದಳು. ಮೇಲಿನಿಂದ ಉತ್ತರ ಬಂತು: ನಾನು ಬಿದ್ರೆ ನಿಮ್ಮ ಮೇಲೇ ಬೀಳೋದು, ನಿಮಗೆ ಭಯ ಇದ್ದರೆ ಸ್ವಲ್ಪ ಆಚೆ ನಿಂತ್ಕೊಳ್ಳಿ. ಅನಿಸಿಯಾ ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದಳು. ಅತ್ತೆ ದೋಮ್ನಿಕಾ ಹುರುಳಿ ಆರಿಸುತ್ತಿದ್ದವಳು ತಲೆಯೆತ್ತಲೇ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಮಾತ್ರ ಹೆಂಗಸು ಮಾಡು ಹತ್ತಬೇಕು, ಅದೂ ಗಂಡಸರು ಯಾರೂ ಇಲ್ಲದಿದ್ದರೆ, ಅಂದಳು.

ಗ್ಲಿಕೇರಿಯಾಳ ಅಪ್ಪ ಹಳೆಯ ಕಾಲದ ಒಲೆಗಾರ. ಅಣ್ಣಂದಿರಿಬ್ಬರೂ ಯುದ್ಧಕ್ಕೆ ಹೋದವರು ವಾಪಸು ಬರಲಿಲ್ಲ. ಎಂಟು ವರ್ಷದವಳಿದ್ದಾಗಿನಿಂದ ಅಪ್ಪನಿಗೆ ಮಣ್ಣು ಹೊತ್ತುಕೊಟ್ಟು, ಅವನ ಕಣ್ಣು ಮಂಜಾದಮೇಲೆ ಕರಣೆಯನ್ನೇ ಕೈಗೆ ತೆಗೆದುಕೊಂಡಿದ್ದಳು. ಅಪ್ಪ ಕುರ್ಚಿಯ ಮೇಲೆ ಕೂತು, ಇಟ್ಟಿಗೆ ಇಡುವ ಸದ್ದು ಕೇಳಿಯೇ ತಪ್ಪು ಹೇಳುತ್ತಿದ್ದನಂತೆ. ಅವನಿಂದ ಕಲಿತ ಕಟ್ಟಳೆಗಳನ್ನು ಅವಳು ಯಾವತ್ತೂ ಮುರಿದವಳಲ್ಲ. ಒಲೆ ಹೊತ್ತಿಸಿ ಹೊಗೆ ನೆಟ್ಟಗೆ ಮೇಲಕ್ಕೆ ಏಳುವ ತನಕ ಆ ಮನೆಯ ವೈನು ಮುಟ್ಟುತ್ತಿರಲಿಲ್ಲ. ಕೆಲಸ ಮುಗಿಯದೆ ಭಾನುವಾರ ಬಂದರೆ, ಅವತ್ತು ಮನೆಯವರು ಏಳುವ ಮೊದಲೇ ಬಂದು ಒಲೆಯ ಬುಡದಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದಳು. ಯಾಕೆ ಅಂತ ಕೇಳಿದರೆ, ಮಣ್ಣು ಒಣಗೋದನ್ನ ಯಾರಾದ್ರೂ ನೋಡ್ಕೋಬೇಕಲ್ಲ ಅನ್ನುತ್ತಿದ್ದಳು.

ಆರೇಳು ವರ್ಷದಲ್ಲಿ ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ಅವಳ ಕೈಯ ಒಲೆ ಎದ್ದಿತು. ಅನಿಸಿಯಾಳ ಮನೆಯ ಒಲೆ ಬಿರುಕು ಬಿಟ್ಟು, ಹೊಗೆಯೆಲ್ಲ ದೋಮ್ನಿಕಾಳ ಹಾಸಿಗೆಯ ಕಡೆಗೇ ಬರತೊಡಗಿದಮೇಲೆ ಅತ್ತೆಯೂ ಸೋತಳು. ಅನಿಸಿಯಾಳ ಗಂಡ ತ್ರಿಫಾನ್ ಹೋಗಿ ಕರೆತಂದ. ಬೇಸಾಯವೆಲ್ಲ ಸರ್ಕಾರದ ಸಾಮೂಹಿಕ ತೋಟದ್ದಾಗಿದ್ದ ಕಾಲ ಅದು. ತ್ರಿಫಾನ್ ಅಲ್ಲಿ ದ್ರಾಕ್ಷಿ ಬಳ್ಳಿ ಸವರುವುದರಲ್ಲಿ ಎತ್ತಿದ ಕೈ. ಅವನು ಕತ್ತರಿಸಿದ ಬಳ್ಳಿಗೆ ನೋವಾಗುವುದಿಲ್ಲ ಅಂತ ಜನ ಅನ್ನುತ್ತಿದ್ದರು.

ಒಲೆಯನ್ನು ಐದು ದಿನ ಕಟ್ಟಿದಳು. ಎರಡು ಕೋಣೆಗಳ ನಡುಗೋಡೆಯೇ ಒಲೆ, ಒಂದು ಕಡೆ ಅಡುಗೆಗೆ ಬಾಯಿ, ಇನ್ನೊಂದು ಕಡೆ ಮಲಗುವುದಕ್ಕೆ ಬೆಚ್ಚನೆಯ ಜಗಲಿ. ಒಳಗೆ ಹೊಗೆ ನೇರವಾಗಿ ಹೊರಗೆ ಓಡದಂತೆ ಮೇಲೆ, ಕೆಳಗೆ, ಮತ್ತೆ ಮೇಲೆ ಸುತ್ತಿಸುವ ದಾರಿ. ಜೇಡಿಮಣ್ಣು, ಮರಳು, ಕುದುರೆ ಲದ್ದಿ ಬೆರೆಸಿ ಅನಿಸಿಯಾ ಬರಿಗಾಲಿನಲ್ಲಿ ತುಳಿದಳು. ಗ್ಲಿಕೇರಿಯಾ ಒಂದು ಹಿಡಿ ತೆಗೆದು ಹೊಸೆದು ಕರಣೆಯ ಹಿಡಿಗೆ ಬಳೆಯಂತೆ ಸುತ್ತುವಳು. ಬಳೆ ಸೀಳಿದರೆ, ಇನ್ನೂ ತುಳಿ ಹುಡುಗಿ, ನಿನ್ನ ಅತ್ತೇನ ನೆನೆಸ್ಕೊಂಡು ತುಳಿ, ಅನ್ನುವಳು. ದೋಮ್ನಿಕಾ ಒಳಗಿನಿಂದಲೇ, ಕೇಳಿಸ್ತು ಅನ್ನುವಳು.

ಕೊನೆಯ ದಿನ ಮೊದಲ ಬೆಂಕಿ. ಹೊಗೆ ನೆಟ್ಟಗೆ ಎದ್ದಿತು. ಗ್ಲಿಕೇರಿಯಾ ಲೋಟ ಕೈಗೆ ತೆಗೆದುಕೊಳ್ಳುವ ಮೊದಲು ಅನಿಸಿಯಾಳನ್ನು ಕರೆದು, ಹೊಗೆಗಂಡಿಯ ಕುತ್ತಿಗೆಯಲ್ಲಿ ಆಡುವ ಕಬ್ಬಿಣದ ತಗಡನ್ನು ತೋರಿಸಿದಳು. ಬೆಂಕಿ ಉರಿಯುವಾಗ ಎಳೆದಿರಬೇಕು, ಉರಿದು ಮುಗಿದಮೇಲೆ ತಳ್ಳಿ ಮುಚ್ಚಬೇಕು, ಆಗ ಕಾವು ಇಟ್ಟಿಗೆಯೊಳಗೇ ನಿಲ್ಲುತ್ತದೆ. ಇಷ್ಟು ಆ ಸೀಮೆಯ ಹಸುಗೂಸಿಗೂ ಗೊತ್ತು. ಆದರೂ ಅವಳು ಒಂದು ಮಾತು ಸೇರಿಸಿದಳು: "ಕೆಂಡದ ಮೇಲೆ ನೀಲಿ ನಾಲಿಗೆ ಆಡ್ತಿರೋ ತನಕ ಇದನ್ನ ಮುಟ್ಟಬೇಡ. ಕೆಂಪು ಹೋದ್ರೆ ಸಾಲದು, ನೀಲೀನೂ ಹೋಗ್ಬೇಕು."

ಅನಿಸಿಯಾ ಹೂಂ ಅಂದಳು. ಆ ಕಡೆ ಮರವೇ ಕಡಿಮೆ. ಜನ ಉರಿಸುತ್ತಿದ್ದದ್ದು ಜೋಳದ ದಂಟು, ಕಾಳು ಬಿಡಿಸಿದ ತೆನೆ, ಸೂರ್ಯಕಾಂತಿ ಕಡ್ಡಿ, ಸವರಿದ ದ್ರಾಕ್ಷಿ ಬಳ್ಳಿ. ಧಗ್ಗನೆ ಉರಿದು ಅರ್ಧ ಗಂಟೆಯಲ್ಲಿ ಬೂದಿಯಾಗುವಂಥವು. ಅವುಗಳಲ್ಲಿ ನೀಲಿ ನಾಲಿಗೆಯನ್ನು ಅವಳು ಕಂಡಿರಲೇ ಇಲ್ಲ. ಅವಳಿಗೆ ಬಾಯಿಪಾಠ ಆಗಿದ್ದದ್ದು ಅತ್ತೆಯ ಪಾಠ. ಜ್ವಾಲೆ ಇಳಿದು ಕೂತ ಕೂಡಲೇ ತಗಡು ಮುಚ್ಚಬೇಕು. ಕಾವನ್ನ ಆಕಾಶಕ್ಕೆ ಸುರಿಯೋ ಸೊಸೆ ಮನೇನ ಬೀದಿಗೆ ಸುರೀತಾಳೆ, ಅನ್ನುತ್ತಿದ್ದಳು ದೋಮ್ನಿಕಾ. ಯಾರ ಮನೆಯ ಜಗಲಿ ಬೆಳಗಿನ ತನಕ ಬೆಚ್ಚಗಿತ್ತು ಅನ್ನುವುದು ಬಾವಿಕಟ್ಟೆಯಲ್ಲಿ ಹೆಂಗಸರ ಜಂಭದ ಮಾತು. ಅನಿಸಿಯಾಳ ಜಗಲಿ ಯಾವಾಗಲೂ ಬೆಚ್ಚಗಿರುತ್ತಿತ್ತು.

ಮೂರನೆಯ ಚಳಿಗಾಲಕ್ಕೆ ತೋಟದಿಂದ ಮನೆಮನೆಗೆ ಕಲ್ಲಿದ್ದಲು ಹಂಚಿದರು. ಊರಿಗೆ ಕಲ್ಲಿದ್ದಲು ಬಂದದ್ದು ಅದೇ ಮೊದಲು. ಫೆಬ್ರವರಿಯ ಒಂದು ದಿನ ನಿಸ್ತ್ರು ಹೊಳೆ ಹೆಪ್ಪುಗಟ್ಟಿ ಬಿರಿಯುವ ಸದ್ದು ಊರಿಗೆಲ್ಲ ಕೇಳಿಸುತ್ತಿತ್ತು. ದೋಮ್ನಿಕಾ ಮಗಳ ಬಾಣಂತನಕ್ಕೆ ಪಕ್ಕದೂರಿಗೆ ಹೋಗಿದ್ದಳು. ಅನಿಸಿಯಾ ಒಂದು ಬಕೆಟ್ಟು ಕಲ್ಲಿದ್ದಲು ಹಾಕಿ ಉರಿಸಿದಳು. ಜ್ವಾಲೆ ಕೂತಿತು. ಮೇಲೆಲ್ಲ ಕಪ್ಪಾಗಿತ್ತು, ಮೂಲೆಯಲ್ಲೊಂದಿಷ್ಟು ಏನೋ ಮಿಣುಕುತ್ತಿತ್ತು. ಅವಳು ತಗಡು ತಳ್ಳಿ ಮುಚ್ಚಿ, ಗಂಡನ ಪಕ್ಕ ಜಗಲಿಯ ಮೇಲೆ ಮಲಗಿದಳು.

ಎಚ್ಚರವಾದಾಗ ಅವಳ ತಲೆಯ ಮೇಲೆ ಗಾಣದ ಕಲ್ಲು ಇಟ್ಟ ಹಾಗಿತ್ತು. ಗಂಡನನ್ನು ಅಲುಗಿಸಿದಳು, ಅವನು ಏಳಲಿಲ್ಲ. ಕಾಲು ನಿಲ್ಲಲೊಲ್ಲದು. ತೆವಳಿಕೊಂಡು ಹೋಗಿ ತಗಡನ್ನು ಎಳೆದಳು. ಹೊಸ್ತಿಲ ತನಕ ತೆವಳಿದಳು. ಬಾಗಿಲಿನ ಅಗುಳಿ ತೆಗೆದದ್ದಷ್ಟೇ ನೆನಪು.

ಬೆಳಗಾದಮೇಲೆ ತಾನು ಕೊಟ್ಟಿದ್ದ ಜರಡಿ ವಾಪಸು ಕೇಳಲು ಬಂದ ಜೆನೋವಿಯಾಳೇ ಅವರ ಪಾಲಿನ ದೇವರು. ಅವಳ ಕೂಗಿಗೆ ಬೀದಿಯೇ ಸೇರಿತು. ಇಬ್ಬರನ್ನೂ ಹೊರಗೆ ಎಳೆದು ಹಿಮದಲ್ಲಿ ಮುಖ ಅಡಿಯಾಗಿ ಮಲಗಿಸಿದರು, ಬಾಯಿಗೆ ಹುಳಿ ಎಲೆಕೋಸಿನ ನೀರು ಬಿಟ್ಟರು. ಅನಿಸಿಯಾ ಬೇಗ ಕಣ್ಣುಬಿಟ್ಟಳು. ತ್ರಿಫಾನ್ ಕಣ್ಣುಬಿಡಲು ಸಂಜೆಯಾಯಿತು. ಜೀವ ಉಳಿಯಿತು. ಆದರೆ ಅವನ ಬಲಗೈ ನಡುಗತೊಡಗಿತು. ಮಾರ್ಚಿನಲ್ಲಿ ಬಳ್ಳಿ ಸವರಲು ಹೋದವನು ಮಧ್ಯಾಹ್ನಕ್ಕೇ ವಾಪಸು ಬಂದು, ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದ.

ಜನ ಬಂದು ನೋಡಿದಾಗ ತಗಡು ತೆರೆದೇ ಇತ್ತಲ್ಲ. ತೆರೆದಿದ್ದೂ ಹೊಗೆ ಮನೆಯೊಳಗೆ ತುಂಬಿತು ಅಂದಮೇಲೆ ಒಲೆಯದೇ ದೋಷ. ಹೆಂಗಸು ಕಟ್ಟಿದ ಒಲೆ, ಅಂದರು. ಪ್ಯಾಂಟು ಹಾಕಿಕೊಂಡ ಮಾತ್ರಕ್ಕೆ ಗಂಡಸಿನ ಕೈ ಬರುತ್ತದೆಯೇ, ಅಂದರು. ಅನಿಸಿಯಾಗೆ ಮೊದಲ ವಾರ ಮಾತಾಡಲು ಶಕ್ತಿ ಇರಲಿಲ್ಲ. ಶಕ್ತಿ ಬರುವ ಹೊತ್ತಿಗೆ ಅತ್ತೆ ಊರಿಂದ ಬಂದು ಒಲೆಗಾರ್ತಿಯ ಏಳು ತಲೆಮಾರನ್ನೂ ಬೈದು ಮುಗಿಸಿದ್ದಳು. ಗಂಡನೂ, ಅವಳನ್ನ ಒಂದು ದಿನ ನಾನು ಕೇಳ್ತೀನಿ ಅಂದಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅನಿಸಿಯಾ ನುಂಗಿಕೊಂಡ ಮಾತು ಒಣಗಿದ ಜೇಡಿಮಣ್ಣಿನಂತೆ ಎದೆಯಲ್ಲೇ ಗಟ್ಟಿಯಾಯಿತು.

ಆ ವಸಂತದಲ್ಲಿ ಗ್ಲಿಕೇರಿಯಾಳನ್ನು ಯಾರೂ ಕರೆಯಲಿಲ್ಲ. ಮೊದಲೇ ಹೇಳಿಟ್ಟಿದ್ದ ಮೂರು ಮನೆಯವರು ಬೇಡ ಅಂದರು. ಅವಳು ತೋಟದಲ್ಲಿ ಕಳೆ ಕೀಳುವ ಗುಂಪಿಗೆ ಸೇರಿದಳು. ಸಾಲಿನಲ್ಲಿ ಪಕ್ಕಪಕ್ಕ ಬಂದಾಗ ಅನಿಸಿಯಾ ಬೇರೆ ಸಾಲಿಗೆ ಸರಿದುಬಿಡುತ್ತಿದ್ದಳು. ಪಾಪ, ಗಂಡನ ಕೈ ಹೋದ ಸಿಟ್ಟು, ಅಂದುಕೊಂಡರು ಜನ.

ಸೆಪ್ಟೆಂಬರ್ ಕೊನೆಯ ವಾರ. ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಗ್ಲಿಕೇರಿಯಾ ಕೈಗಾಡಿ ತಳ್ಳಿಕೊಂಡು ಅನಿಸಿಯಾಳ ಮನೆಯ ಮುಂದೆ ಬಂದು ನಿಂತಳು. ಗಾಡಿಯಲ್ಲಿ ಕರಣೆ, ಗೋಡೆ ನೆಟ್ಟಗಿದೆಯೇ ನೋಡುವ ತೂಗುಗುಂಡು, ಎರಡು ಮೂಟೆ ಮರಳು. ದೋಮ್ನಿಕಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಯಾಕೆ ಬಂದೆ? ಉಳಿದಿರೋ ಜೀವಾನೂ ತೆಗೆಯೋಕಾ?"

"ನನ್ನ ಒಲೆ ಕೆಡವೋಕೆ ಬಂದೆ, ದೋಮ್ನಿಕಮ್ಮ," ಅಂದಳು ಗ್ಲಿಕೇರಿಯಾ. "ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾಗ್ದೆ ಈ ಚಳಿಗಾಲಕ್ಕೆ ನಾನು ಕಾಲಿಡಲ್ಲ. ಮಣ್ಣೂ ನನ್ನದೇ, ದುಡಿಮೇನೂ ನನ್ನದೇ. ಚಳಿಗೆ ಮುಂಚೆ ಮತ್ತೆ ಕಟ್ಟಿಕೊಡ್ತೀನಿ. ನಿಮ್ಮ ಬೈಗುಳ ಬಾಕಿ ಇದ್ರೆ ನಾನು ಕೆಲಸ ಮಾಡ್ತಿರ್ತೀನಿ, ನೀವು ಬೈತಾ ಇರಿ."

ತ್ರಿಫಾನ್ ಒಳಗಿನಿಂದ, ಬಿಡಮ್ಮ, ನೋಡಲಿ, ಅಂದ.

ಮೂರು ದಿನ ಕೆಡವಿದಳು. ಇಟ್ಟಿಗೆಯನ್ನು ಎಸೆಯಲಿಲ್ಲ. ಒಂದೊಂದನ್ನೇ ಬಿಡಿಸಿ, ಎಲ್ಲಿಂದ ಬಂತೋ ಅದೇ ವರಸೆಯಲ್ಲಿ ಅಂಗಳದಲ್ಲಿ ಹಾಸಿದಳು. ಮಲಗಿಸಿದ ಒಲೆಯಂತೆ ಕಾಣುತ್ತಿತ್ತು ಅಂಗಳ. ಹೊಗೆ ಸೋರಿದ ಕಡೆ ಗಾರೆಯ ಮೇಲೆ ಮಸಿಯ ಗೆರೆ ಬಿದ್ದಿರಬೇಕು. ಅವಳು ಮಂಡಿಯೂರಿ ಪ್ರತಿ ಇಟ್ಟಿಗೆಯ ಆರು ಮುಖವನ್ನೂ ನೋಡಿದಳು, ಉಗುರಿನಿಂದ ಕೆರೆದಳು, ನಾಲಿಗೆಗೆ ತಾಗಿಸಿಯೂ ನೋಡಿದಳು. ಅನಿಸಿಯಾ ಇಟ್ಟಿಗೆ ಹೊತ್ತು ತಂದು ಕೊಡುವಳು, ಮತ್ತೆ ಹೋಗುವಳು. ಊಟಕ್ಕೆ ಕರೆದರೆ ಗ್ಲಿಕೇರಿಯಾ ಒಲ್ಲೆ ಅಂದಳು. ತನ್ನ ಗಂಟಿನಲ್ಲಿದ್ದ ಜೋಳದ ಮುದ್ದೆಯ ತುಂಡು, ಈರುಳ್ಳಿ ತಿಂದು ನೀರು ಕುಡಿದಳು. ಬೇಲಿಯಾಚೆಯಿಂದ ಜೆನೋವಿಯಾ ದಿನಕ್ಕೆ ಹತ್ತು ಸಲ ಇಣುಕಿ, ಏನಾದ್ರೂ ಸಿಕ್ತಾ ಅಂತ ಕೇಳುತ್ತಿದ್ದಳು. ನಿಮ್ಮ ಜರಡಿ ಸಿಕ್ತು, ತಗೊಂಡು ಹೋಗಿ, ಅಂದಳು ಗ್ಲಿಕೇರಿಯಾ ಒಂದು ಸಲ.

ಎಲ್ಲೂ ಮಸಿಯ ಗೆರೆ ಇರಲಿಲ್ಲ. ಒಂದು ಬಿರುಕೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳು ಇಟ್ಟಿಗೆಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ದೋಮ್ನಿಕಾ ಹೊಸ್ತಿಲ ಬಳಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಅನಿಸಿಯಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಗ್ಲಿಕೇರಿಯಾ ಯಾರಿಗೆ ಹೇಳುತ್ತಿದ್ದಾಳೆ ಅಂತ ಇಲ್ಲದೆ ಹೇಳಿದಳು. ಕಟ್ಟಿದ್ದರಲ್ಲಿ ತಪ್ಪಿಲ್ಲ. ಹಾಗಾದರೆ ಕಟ್ಟುವ ಲೆಕ್ಕದಲ್ಲೇ ತಪ್ಪಿದೆ. ಅಪ್ಪ ಹೇಳಿಕೊಟ್ಟ ದಾರಿಯೇ ತಪ್ಪು, ಅವನು ಕಣ್ಣು ಕಾಣದವನು, ನಾನು ಮೂಢಳ ಹಾಗೆ ನಂಬಿಬಿಟ್ಟೆ. ಇದೇ ಲೆಕ್ಕದಲ್ಲಿ ಈ ಊರಲ್ಲಿ ಇನ್ನೂ ನಲವತ್ತೊಂದು ಮನೆಗೆ ಕಟ್ಟಿದ್ದೀನಿ.

"ನಾಳೆಯಿಂದ ಒಂದೊಂದೇ ಮನೆಗೆ ಹೋಗ್ತೀನಿ," ಅಂದಳು. "ನಲವತ್ತೊಂದನ್ನೂ ಕೆಡವ್ತೀನಿ. ಕೆಡವೋಕೆ ಅರ್ಧ ದಿನ ಸಾಕು. ಬೈದ್ರೆ ಬೈಲಿ, ನಾಯಿ ಛೂ ಬಿಟ್ರೆ ಬಿಡ್ಲಿ. ಚಳೀಲಿ ನಡುಗ್ತಿರೋನು ಬದುಕಿರ್ತಾನೆ. ಆಮೇಲೆ ಕರಣೇನ ಹೊಳೇಗೆ ಹಾಕ್ತೀನಿ."

ಅವಳು ಬಾಯಿಮಾತಿಗೆ ಹೇಳುವವಳಲ್ಲ ಅಂತ ಅನಿಸಿಯಾಗೆ ಗೊತ್ತಿತ್ತು. ನಲವತ್ತೊಂದು ಮನೆಯ ಕೂಸುಕಂದಮ್ಮಗಳು ಒಲೆಯಿಲ್ಲದೆ ಹಿಮದ ದಿನಗಳನ್ನು ಕಳೆಯುವುದು ಅವಳ ಕಣ್ಣಿಗೆ ಕಟ್ಟಿತು. ಎದುರಿಗೆ ಕೂತವಳ ಉಗುರುಗಳೆಲ್ಲ ಕೆರೆದು ಕೆರೆದು ಒಡೆದಿದ್ದವು. ಅನಿಸಿಯಾ ತಂಬಿಗೆ ಕೆಳಗಿಟ್ಟಳು.

"ಅಕ್ಕಾ, ಕೆಡವಬೇಡ."

"ಏನನ್ನ?"

"ಯಾರ ಮನೇದೂ ಕೆಡವಬೇಡ. ನಿನ್ನ ಒಲೆ ಸರಿಯಾಗೇ ಇತ್ತು. ತಗಡು ನಾನು ಮುಚ್ಚಿದ್ದೆ. ಕೆಂಡ ಇನ್ನೂ ಇತ್ತು. ಆಮೇಲೆ ನಾನೇ ತೆವಳ್ಕೊಂಡು ಹೋಗಿ ತೆಗೆದೆ. ಅದಕ್ಕೇ ಜನಕ್ಕೆ ತೆರೆದಿದ್ದದ್ದು ಕಾಣಿಸ್ತು."

ದೋಮ್ನಿಕಾಳ ಚಾಕು ನಿಂತಿತು. ಗ್ಲಿಕೇರಿಯಾ ಕೈಯಲ್ಲಿದ್ದ ಇಟ್ಟಿಗೆಯನ್ನು ಅದರ ಸಾಲಿನಲ್ಲೇ ಇಟ್ಟಳು. ಆಮೇಲೆ ವಿಚಾರಿಸತೊಡಗಿದಳು, ಔಷಧಿ ಕೊಡುವವರು ರೋಗ ವಿಚಾರಿಸುವ ಹಾಗೆ. ಏನು ಉರಿಸಿದ್ದೆ, ಎಷ್ಟು, ಮೇಲೆ ಯಾವ ಬಣ್ಣ ಇತ್ತು. ಮೂಲೆಯಲ್ಲಿ ಮಿಣುಕುತ್ತಿದ್ದದ್ದು ನೀಲಿಯೋ ಕೆಂಪೋ. ನೀಲಿ, ಅಂದಳು ಅನಿಸಿಯಾ. ನೀಲಿ ಇರುವಾಗ ಮುಚ್ಚಿದರೆ ಕಲ್ಲಿದ್ದಲಿನ ವಿಷದ ಗಾಳಿ ಹೊರಗೆ ಹೋಗದೆ ಮನೆಯೊಳಗೇ ತುಂಬುತ್ತದೆ.

"ಏಳು ತಿಂಗಳು," ಅಂದಳು ಗ್ಲಿಕೇರಿಯಾ. "ಏಳು ತಿಂಗಳಿಂದ ದಿನಾ ನನ್ನ ಕೈ ನೋಡ್ಕೊಂಡು, ಯಾವ ಬೆರಳು ತಪ್ಪು ಮಾಡ್ತು ಅಂತ ಕೇಳ್ತಿದ್ದೆ. ಪಕ್ಕದ ಸಾಲಲ್ಲಿ ನೀನು ಕಳೆ ಕೀಳ್ತಿದ್ದೆ."

ಅನಿಸಿಯಾ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಮತ್ತೆ ಎತ್ತಲು ಆಗುವುದಿಲ್ಲ ಅನ್ನಿಸಿತ್ತು. ಆಗ ದೋಮ್ನಿಕಾ ಬಾಯಿಬಿಟ್ಟಳು. ಸೊಸೆಯನ್ನು ಸೀಳಿಹಾಕುತ್ತಾಳೆ ಅಂತ ಅನಿಸಿಯಾ ಕಾದಿದ್ದಳು. ಮುದುಕಿ, ಕುಂಬಳಕಾಯಿಯನ್ನೇ ನೋಡುತ್ತ, "ಅವಳಿಗೆ ಹಾಗೆ ಮುಚ್ಚೋಕೆ ಕಲಿಸಿದ್ದು ನಾನು. ನನಗೆ ನನ್ನ ಅತ್ತೆ," ಅಂದಳು. ಮತ್ತೆ ಹೆಚ್ಚತೊಡಗಿದಳು.

ಗ್ಲಿಕೇರಿಯಾ ಎದ್ದು ಪ್ಯಾಂಟಿನ ಧೂಳು ಕೊಡವಿದಳು. ಮಣ್ಣು ತುಳಿ, ನಾಳೆಯಿಂದ ಕಟ್ಟೋಣ, ಅಂದಳು. ಬೇಲಿಯ ತನಕ ಹೋದವಳು ತಿರುಗಿ ಇನ್ನೊಂದು ಮಾತು ಹೇಳಿದಳು. "ಕಟ್ಟಿದಮೇಲೆ ನೀನು ನನ್ನ ಜೊತೆ ಬರ್ತೀಯ. ನಲವತ್ತೊಂದು ಮನೆಗೂ. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳ್ತೀಯ. ದುಮಿತ್ರು ಹಬ್ಬದೊಳಗೆ ಮುಗೀಬೇಕು."

ದುಮಿತ್ರು ಹಬ್ಬ ನವೆಂಬರಿನಲ್ಲಿ. ಆ ಸಂತ ಅವತ್ತು ಬೆಚ್ಚನೆಯ ದಿನಗಳಿಗೆ ಬೀಗ ಜಡಿದು ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾನೆ ಅಂತಾರೆ. ಅಷ್ಟರೊಳಗೆ ಒಲೆ ಗುಡಿಸಿ, ಸಾರಿಸಿ, ಸುಣ್ಣ ಬಳಿದು ಸಿದ್ಧ ಮಾಡದ ಮನೆ ಮನೆಯೇ ಅಲ್ಲ.

ತ್ರಿಫಾನನಿಗೆ ಅನಿಸಿಯಾ ತಾನೇ ಹೇಳಿದಳು. ಅವನು ಬೈಯಲಿಲ್ಲ, ಕೈಯೆತ್ತಲಿಲ್ಲ. ಎರಡು ದಿನ ಅವಳು ಮಾಡಿದ ಅಡುಗೆ ಮುಟ್ಟಲಿಲ್ಲ, ತೋಟದಲ್ಲಿ ಯಾರೋ ಕೊಟ್ಟದ್ದನ್ನು ತಿಂದು ಬಂದ. ಮೂರನೆಯ ದಿನ ಬೆಳಿಗ್ಗೆ ಅವಳು ಮಣ್ಣು ತುಳಿಯುತ್ತಿದ್ದಾಗ ಬಂದು, ಎಡಗೈಯಿಂದ ಇಟ್ಟಿಗೆ ಎತ್ತಿ ಗ್ಲಿಕೇರಿಯಾಳಿಗೆ ಕೊಡತೊಡಗಿದ. ಅವತ್ತು ಮಧ್ಯಾಹ್ನ ತಟ್ಟೆಯ ಮುಂದೆ ಕೂತ. ಉಪ್ಪು ಕಡಿಮೆಯಾಗಿದೆ ಅಂದ. ಅನಿಸಿಯಾಗೆ ಅಷ್ಟು ಸಾಕಾಯಿತು.

ಒಲೆ ಮೊದಲಿದ್ದ ಹಾಗೇ ಎದ್ದಿತು, ಅಪ್ಪನ ಲೆಕ್ಕದಲ್ಲೇ. ಒಂದೇ ಬದಲಾವಣೆ. ತಗಡನ್ನು ಹಚ್ಚುವ ಮೊದಲು ಗ್ಲಿಕೇರಿಯಾ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ನಡುವೆ ಹೆಬ್ಬೆರಳು ತೂರುವಷ್ಟು ತೂತು ಕೊರೆದಳು. ಇನ್ನು ಯಾವ ಸೊಸೆ ಯಾವಾಗ ಮುಚ್ಚಿದರೂ ವಿಷದ ಗಾಳಿ ಹೊರಗೆ ಹೋಗಲು ಒಂದು ದಾರಿ ಇರುತ್ತದೆ.

ಮೊದಲ ಮನೆ ಜೆನೋವಿಯಾಳದು. ಅನಿಸಿಯಾ ಬಾಗಿಲು ತಟ್ಟಿದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದಾಗ ಎಲ್ಲ ಚೆಲ್ಲಿಹೋಗಿ, ತಪ್ಪು ಒಲೇದಲ್ಲ, ನಾನು ಬೇಗ ಮುಚ್ಚಿದೆ, ಅಂದದ್ದಷ್ಟೇ. ಜೆನೋವಿಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾನು ಊರೆಲ್ಲ ಇವಳ ಹೆಸರು ಕೆಡಿಸ್ಕೊಂಡು ಬಂದೆ, ಬಾಯಿ ನೋಯಿಸ್ಕೊಂಡಿದ್ದಕ್ಕೆ ಏನು ಕೊಡ್ತೀಯ, ಅಂತ ಎಗರಿದಳು. ಆಮೇಲೆ ಸ್ವರ ಇಳಿಸಿ, "ನೀಲಿ ಅಂದ್ರೆ ಹೇಗಿರುತ್ತೆ? ನಾನೂ ಮೇಲೆ ಕಪ್ಪಾದ ತಕ್ಷಣ ಮುಚ್ತೀನಿ," ಅಂದಳು.

ಮನೆಯಿಂದ ಮನೆಗೆ ಅದೇ ಆಯಿತು. ಬಾಗಿಲಲ್ಲಿ ಬೈಗುಳ, ಒಳಗೆ ಹೋದಮೇಲೆ ಪಿಸುಮಾತು. ಮೊದಲು ಸಿಟ್ಟಾದ ಹೆಂಗಸೇ ಆಮೇಲೆ ಮಕ್ಕಳಿಗೆ ಹೋದ ಚಳಿಗಾಲದಲ್ಲಿ ತಲೆನೋವು ಬರುತ್ತಿತ್ತು, ವಾಂತಿ ಆಗುತ್ತಿತ್ತು, ದೃಷ್ಟಿ ಅಂದುಕೊಂಡಿದ್ದೆ ಅನ್ನುವಳು. ಗ್ಲಿಕೇರಿಯಾ ಅಷ್ಟರಲ್ಲಿ ಕೆಲಸಕ್ಕೆ ಕೈಹಾಕುವಳು. ಹೊಗೆಗಂಡಿ ಗುಡಿಸುವಳು, ಒಳದಾರಿಯ ಬೂದಿ ತೆಗೆಯುವಳು, ಬಿರುಕಿಗೆ ಮಣ್ಣು ಮೆತ್ತುವಳು, ತಗಡು ಬಿಚ್ಚಿ ಕೊರೆಯುವಳು. ಹತ್ತನೆಯ ಮನೆಯ ಹೊತ್ತಿಗೆ ಅನಿಸಿಯಾಳ ಮಾತು ಚೆಲ್ಲಿಹೋಗುವುದು ನಿಂತಿತು. ಇಪ್ಪತ್ತನೆಯ ಮನೆಯಲ್ಲಿ ಅವಳೇ ಬೈರಿಗೆ ಹಿಡಿದಳು. ಮೂವತ್ತು ದಾಟಿದಮೇಲೆ ಬಾಗಿಲು ತೆರೆಯುವ ಮೊದಲೇ, ಗೊತ್ತು ಬನ್ನಿ, ಅನ್ನತೊಡಗಿದರು ಜನ.

ಎರಡು ಮನೆಯವರು ಮಾತ್ರ ಒಪ್ಪಲಿಲ್ಲ. ಒಬ್ಬ, ನನ್ನ ಕಾವನ್ನ ತೂತಿನಿಂದ ಆಕಾಶಕ್ಕೆ ಬಿಡಬೇಕಾ, ಕೊಡಕ್ಕೆ ತೂತು ಮಾಡಿ ನೀರು ತುಂಬಿಸ್ತೀಯಾ, ಅಂತ ಗದರಿಸಿ ಕಳಿಸಿದ. ಗ್ಲಿಕೇರಿಯಾ ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಬೇಲಿಯ ಹೊರಗೆ ಬೈರಿಗೆ ಹಿಡಿದು ನಿಲ್ಲುವಳು, ಬೈಸಿಕೊಳ್ಳುವಳು, ಬರುವಳು. ಆರನೆಯ ದಿನ ಅವನ ಹೆಂಡತಿಯೇ ಗಂಡ ತೋಟಕ್ಕೆ ಹೋದ ಹೊತ್ತು ನೋಡಿ ತಗಡನ್ನು ಕಳಚಿ, ಲಂಗದಡಿ ಬಚ್ಚಿಟ್ಟುಕೊಂಡು ತಂದು ಕೊರೆಸಿಕೊಂಡು ಹೋದಳು. ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ಒಲೆ ಮೊದಲಿಗಿಂತ ಬಿಸಿಯಾಗಿದೆ, ನಾನು ತೂತು ಹಾಕಿಸದೆ ಇದ್ದದ್ದೇ ಒಳ್ಳೇದಾಯ್ತು, ಅಂತ ಹೇಳಿಕೊಂಡು ತಿರುಗಿದ. ಇನ್ನೊಂದು ಮನೆ ಒಪ್ಪಲೇ ಇಲ್ಲ. ಅಲ್ಲಿಗೆ ಪ್ರತಿ ವರ್ಷ ಚಳಿಗೆ ಮುಂಚೆ ಇಬ್ಬರೂ ಹೋಗಿ ಬೈಸಿಕೊಂಡು ಬರುತ್ತಿದ್ದರು, ಆ ಮನೆಯ ಮುದುಕ ಸಾಯುವ ತನಕ.

ಹಾಗೆ ಶುರುವಾದದ್ದು ಇಪ್ಪತ್ತಾರು ವರ್ಷ ನಡೆಯಿತು. ಅನಿಸಿಯಾ ಮೊದಲು ಮಣ್ಣು ತುಳಿದಳು, ಆಮೇಲೆ ಇಟ್ಟಿಗೆ ಜೋಡಿಸಿದಳು. ಗ್ಲಿಕೇರಿಯಾಳ ಮಂಡಿ ಕೈಕೊಟ್ಟಮೇಲೆ ಮಾಡು ಹತ್ತುವವಳೂ ಅವಳೇ ಆದಳು, ಪ್ಯಾಂಟು ತೊಟ್ಟುಕೊಂಡು. ದೋಮ್ನಿಕಾ ಅದನ್ನು ನೋಡುವ ತನಕ ಬದುಕಿದ್ದಳು. ಪ್ಯಾಂಟಿನ ಮಂಡಿಗೆ ತೇಪೆ ಹಾಕಿಕೊಟ್ಟವಳೂ ಅವಳೇ. ತ್ರಿಫಾನ್ ಎಡಗೈಯಲ್ಲಿ ಬಳ್ಳಿ ಸವರಲು ಕಲಿತ. ಮೊದಲಿನಷ್ಟು ಚೆನ್ನಾಗಿ ಆಗುತ್ತಿರಲಿಲ್ಲ, ಆದರೆ ಮಾಡಿದ. ಅವನು ತೀರಿಹೋದಾಗ ಗ್ಲಿಕೇರಿಯಾ ಬಂದು ಅನಿಸಿಯಾಳ ಪಕ್ಕ ಮೂರು ದಿನ ಕೂತಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಬರುವ ಜನಕ್ಕೆ ಒಲೆ ಉರಿಸುತ್ತ ಕೂತಿದ್ದಳು.

ಕ್ಷಮಿಸಿದೆ ಅಂತ ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಅನಿಸಿಯಾ ಕೇಳಲೂ ಇಲ್ಲ. ಆದರೆ ತನ್ನ ಮನೆಯ ಒಲೆಯನ್ನು ಮಾತ್ರ ಗ್ಲಿಕೇರಿಯಾ ಇನ್ನೊಬ್ಬರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಮಂಡಿ ಹೋದಮೇಲೂ ವರ್ಷಕ್ಕೆರಡು ಸಲ ತಾನೇ ನರಳುತ್ತ ಏಣಿ ಹತ್ತಿ ಗುಡಿಸುತ್ತಿದ್ದಳು. ನಾನು ಹತ್ತುತ್ತೇನೆ ಅಕ್ಕಾ ಅಂದರೆ, ನೀನು ಊರಿನ ಒಲೆ ನೋಡ್ಕೋ, ನನ್ನದು ನನಗಿರಲಿ, ಅನ್ನುತ್ತಿದ್ದಳು. ಆ ಮಾತು ಅನಿಸಿಯಾಳ ಎದೆಯಲ್ಲಿ ಸಣ್ಣ ಮುಳ್ಳಿನಂತೆ ಇದ್ದೇ ಇತ್ತು. ನಲವತ್ತೊಂದು ಹೊಸ್ತಿಲಲ್ಲಿ ಹೇಳಿದ್ದು ಸಾಲದಾಯಿತೇನೋ ಅಂದುಕೊಳ್ಳುತ್ತಿದ್ದಳು.

ಕೊನೆಯ ವರ್ಷ ಅಕ್ಟೋಬರಿನಲ್ಲಿ ಗ್ಲಿಕೇರಿಯಾ ಹಾಸಿಗೆ ಹಿಡಿದಳು. ಊಟ ಸೇರುತ್ತಿರಲಿಲ್ಲ, ಕಾಲು ಊದಿಕೊಂಡಿತ್ತು. ಸಿಮಿಯೋನ ಸಣ್ಣ ಮಗುವಿನಂತೆ ಅತ್ತಿತ್ತ ಓಡಾಡುತ್ತಿದ್ದ. ಅನಿಸಿಯಾ ದಿನವೂ ಬೆಳಿಗ್ಗೆ ಎರಡು ಮನೆ ಮುಗಿಸಿ, ಮಧ್ಯಾಹ್ನ ಅವಳ ಬಳಿಗೆ ಬರುತ್ತಿದ್ದಳು. ಯಾರ ಮನೆಗೆ ಹೋಗಿದ್ದೆ, ಎಷ್ಟು ಮಸಿ ಬಂತು, ತಗಡಿನ ತೂತು ಕಟ್ಟಿಕೊಂಡಿತ್ತೋ ಏನು, ಎಲ್ಲ ಒಪ್ಪಿಸಬೇಕು. ಒಪ್ಪಿಸುತ್ತ ಒಪ್ಪಿಸುತ್ತ ಗ್ಲಿಕೇರಿಯಾ ನಿದ್ದೆ ಹೋಗುವಳು.

ಒಂದು ಮಧ್ಯಾಹ್ನ ನಿದ್ದೆ ಹೋಗಲಿಲ್ಲ. ಬಿಸಿಲು ಕಿಟಕಿಯಿಂದ ಹಾಸಿಗೆಯ ತನಕ ಬಂದಿತ್ತು. ಅವಳು ಅಂಗೈಯನ್ನು ಪಕ್ಕದ ಒಲೆಯ ಗೋಡೆಗೆ ಒತ್ತಿ ಇಟ್ಟುಕೊಂಡಿದ್ದಳು. ಗೋಡೆ ತಣ್ಣಗಿತ್ತು.

"ನಾನು ಹೋದಮೇಲೆ ಮೂರು ದಿನ ಜನ ಬಂದು ಈ ಮನೇಲಿ ಕೂತಿರ್ತಾರೆ," ಅಂದಳು. "ಸಿಮಿಯೋನ ಚಳಿ ಅಂತ ಬಕೆಟ್ಟುಗಟ್ಟಲೆ ಕಲ್ಲಿದ್ದಲು ತುಂಬ್ತಾನೆ. ಈಸ್ಟರ್ ಆದಮೇಲೆ ಹೊಗೆಗಂಡಿ ಗುಡಿಸಿಲ್ಲ."

"ಸಿಮಿಯೋನಣ್ಣಂಗೆ ಹೇಳಿ ಯಾರನ್ನಾದ್ರೂ ಕರೆಸ್ಲಾ ಅಕ್ಕಾ?"

"ಯಾರನ್ನೋ ಯಾಕೆ? ಏಣಿ ಹಿತ್ತಲಲ್ಲಿದೆ, ಮೂರನೇ ಮೆಟ್ಟಲ ಮೇಲೆ ಕಾಲು ನೋಡ್ಕೊಂಡು ಇಡು. ನೀನು ಹತ್ತು, ತಂಗಿ. ನಾಳೆ ಅಲ್ಲ, ಈಗಲೇ. ಪೊರಕೆ ಕೆಳಗಿಳಿಯೋ ಸದ್ದು ನನಗೆ ಕೇಳಿಸ್ಬೇಕು."